ಕೂಡ್ಲಿಗೆ ಐದು ಭಾನುವಾರ

ಶಿವಮೊಗ್ಗದ ಕೋಟೆ ರಸ್ತೆಯ ಸುಭದ್ರಮ್ಮ ನಡೆಯುವುದನ್ನು ಕಲಿತದ್ದು ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಕಾಲಿಗೆ ಕೆಲಸವಿರಲಿಲ್ಲ ಎಂದಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮಾಳಿಗೆಗೆ, ಮಾಳಿಗೆಯಿಂದ ಮತ್ತೆ ಒಲೆಯ ಮುಂದಕ್ಕೆ ಅಂತ ದಿನಕ್ಕೆ ಎಷ್ಟು ಮೈಲಿಯಾಗುತ್ತಿತ್ತೋ ದೇವರಿಗೇ ಗೊತ್ತು. ಆದರೆ ಹೊಸಿಲು ದಾಟಿ, ಏನನ್ನೂ ತರುವುದಕ್ಕಲ್ಲದೆ, ಯಾರನ್ನೂ ಕಾಣುವುದಕ್ಕಲ್ಲದೆ, ಸುಮ್ಮನೆ ನಡೆಯುವುದು ಎಂಬುದೊಂದಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡ ಹಾಲಸ್ವಾಮಿಗೆ ಗಾಂಧಿ ಬಜಾರಿನಲ್ಲಿ ಹಗ್ಗ, ಚಾಪೆ, ಗೋಣಿಚೀಲದ ಅಂಗಡಿ. ಪಕ್ಕದ ಬೀದಿಯ ಕ್ಷೌರದಂಗಡಿಗೂ ಟಿವಿಎಸ್ ಮೇಲೆಯೇ ಹೋಗುವ ಮನುಷ್ಯ. ಆ ಮನೆಯಲ್ಲಿ ನಡಿಗೆಯ ಮಾತೇ ಏಳುತ್ತಿರಲಿಲ್ಲ.

೧೯೯೬ರ ಆಷಾಢದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಬಲಗಾಲ ಮಂಡಿಚಿಪ್ಪು ಒಡೆಯಿತು. ಎರಡು ತಿಂಗಳು ಪ್ಲಾಸ್ಟರ್. ಅದನ್ನು ಬಿಚ್ಚಿದ ದಿನ ಡಾಕ್ಟರು ಮಂಡಿಯನ್ನು ಎರಡು ಸಲ ಬಾಗಿಸಿ ನೋಡಿದರು. ಸುಭದ್ರಮ್ಮನ ಕಣ್ಣಲ್ಲಿ ನೀರು ಬಂತು.

"ಸಮ ನೆಲದ ಮೇಲೆ ದಿನಾ ಅರ್ಧ ಗಂಟೆ ನಡೀಬೇಕು ನೀವು. ನಡೀಲಿಲ್ಲ ಅಂದ್ರೆ ಇದು ಹಿಂಗೇ ಸೆಟ್ಕೊಂಡು ಕೂತ್ಬಿಡುತ್ತೆ. ಆಮೇಲೆ ನನ್ನ ಬೈಯ್ಬೇಡಿ," ಅಂದರು.

ಕೋಟೆಯಲ್ಲಿ ಸಮ ನೆಲ ಅಂದರೆ ಹೊಳೆಯ ಕಡೆಯದೇ. ಮರುದಿನ ಬೆಳಗ್ಗೆ ಆಂಜನೇಯನ ಗುಡಿಯ ಮುಂದೆ ಹೂ ಕಟ್ಟುತ್ತಾ ಕೂತಿದ್ದ ಕಾಳಮ್ಮ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಬರುತ್ತಿದ್ದ ಸುಭದ್ರಮ್ಮನನ್ನು ಕಂಡಳು. ಗುಡಿಯ ಮೂಲೆಯಿಂದ ಅರಳಿಕಟ್ಟೆಯವರೆಗೆ ಹೋಗುವಷ್ಟರಲ್ಲಿ ಸುಭದ್ರಮ್ಮನ ಹಣೆಯೆಲ್ಲ ಬೆವರು.

"ನಲವತ್ತು ಹೆಜ್ಜೆ ಆಯ್ತು ನೋಡಮ್ಮ," ಕಾಳಮ್ಮ ಕೂತಲ್ಲಿಂದಲೇ ಕೂಗಿದಳು. "ನಾ ಎಣಿಸಿದೀನಿ. ನಾಳೆ ಐವತ್ತಾಗ್ಲಿ."

ನಾಳೆ ಐವತ್ತಾಯಿತು. ವಾರದಲ್ಲಿ ಕಾಳಮ್ಮನ ಎಣಿಕೆಗೆ ಸಿಗದಷ್ಟಾಯಿತು. ಹದಿನೈದನೆಯ ದಿನ ಸುಭದ್ರಮ್ಮ ಹೊಳೆಯ ಮೆಟ್ಟಿಲ ತನಕ ಹೋಗಿ ನಿಂತಳು. ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷ. ತುಂಗೆ ಹರಿಯುವುದು ಹಿತ್ತಲಿನಿಂದ ಕೂಗಳತೆಯಲ್ಲಿ. ಆದರೆ ಅವಳು ಹೊಳೆಯನ್ನು ಸರಿಯಾಗಿ ನೋಡಿದ್ದು ಮಳೆಗಾಲದಲ್ಲಿ ಮಾತ್ರ. ನೀರಿನ ನಡುವಿನ ಕಲ್ಲು ಮಂಟಪ ಮುಳುಗಿತಂತೆ ಎಂದು ಊರೆಲ್ಲ ನೋಡಲು ಓಡುವಾಗ, ಜನರ ಭುಜಗಳ ಸಂದಿಯಿಂದ. ಈಗ ಕಾರ್ತೀಕದ ಬಿಸಿಲು. ಮಂಟಪ ಪೂರ್ತಿ ಎದ್ದು ನಿಂತಿತ್ತು. ಅದರ ತಲೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿತ್ತು, ಥೇಟು ಹಾಲಸ್ವಾಮಿ ಸ್ನಾನ ಮಾಡಿ ಪಂಚೆ ಕೊಡವಿದ ಹಾಗೆ. ಸುಭದ್ರಮ್ಮನಿಗೆ ಒಬ್ಬಳೇ ನಗು ಬಂತು. ಮನೆಗೆ ಬಂದು, ರೊಟ್ಟಿ ತಿನ್ನುತ್ತಿದ್ದ ಗಂಡನಿಗೆ ಹೇಳಿದಳು.

"ಕಾಗೆ ನೋಡೋಕೆ ಹೊಳೆಗೆ ಹೋಗ್ಬೇಕಾ?" ಅಂದ ಹಾಲಸ್ವಾಮಿ. ಆದರೂ ಸಾಯಂಕಾಲ ಅಂಗಡಿಯಿಂದ ಬಂದವನು, "ನಾಳೆನೂ ಇರುತ್ತಾ ನೋಡು," ಅಂದ.

ಮಂಡಿ ಸಡಿಲವಾದಂತೆ ದಾರಿ ಉದ್ದವಾಯಿತು. ಒಂದು ದಿನ ಸುಸ್ತಾಗಿ, ಕೂರಲು ನೆರಳು ಹುಡುಕುತ್ತಾ ಶಿವಪ್ಪನಾಯಕನ ಅರಮನೆಯ ಅಂಗಳಕ್ಕೆ ನುಗ್ಗಿದಳು. ಅಲ್ಲಿ ಹುಲ್ಲಿನ ನಡುವೆ ಸಾಲಾಗಿ ಕಲ್ಲುಗಳು ನಿಂತಿದ್ದವು. ಒಂದೊಂದರ ಮೇಲೂ ಕೆತ್ತಿದ ಆಳುಗಳು, ಕುದುರೆಗಳು, ಹೆಂಗಸರು. ಕಾವಲಿಗಿದ್ದ ಓಂಕಾರಪ್ಪ ಬೀಡಿ ಆರಿಸಿ ಹತ್ತಿರ ಬಂದ.

"ಏನಿವು ಅಣ್ಣಾ?" ಸುಭದ್ರಮ್ಮ ಕೇಳಿದಳು.

ಹನ್ನೆರಡು ವರ್ಷ ಅಲ್ಲಿ ನಿಂತಿದ್ದ ಓಂಕಾರಪ್ಪನನ್ನು ಜನ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಎಷ್ಟೊತ್ತಿಗೆ ಬಾಗಿಲು ಹಾಕ್ತೀರಿ, ಕುಡಿಯೋ ನೀರು ಎಲ್ಲಿದೆ. ಮೂರನೆಯದು ಕೇಳಿದವಳು ಇವಳೇ. ಅವನು ಒಂದು ತಂಬಿಗೆ ನೀರು ತಂದು ಒಂದು ಕಲ್ಲಿನ ಮೇಲೆ ಸುರಿದ. ಮಸುಕಾಗಿದ್ದ ಗೆರೆಗಳೆಲ್ಲ ಚಕ್ಕನೆ ಮೇಲೆದ್ದು ಬಂದವು.

"ವೀರಗಲ್ಲು ಅಂತಾರೆ. ಕೆಳಗಿಂದ ಮೇಲಕ್ಕೆ ಓದ್ಬೇಕು ತಾಯಿ. ಕೆಳಗೆ ಜಗಳ, ಇವ್ನು ಹೊಡೆದಾಡಿ ಸಾಯ್ತಾನೆ. ನಡುವೆ ನೋಡಿ, ಅಪ್ಸರೆಯರು ತೋಳು ಹಿಡ್ಕೊಂಡು ಕರ್ಕೊಂಡು ಹೋಗ್ತಾರೆ. ಮೇಲೆ ಲಿಂಗದ ಮುಂದೆ ಕೈ ಮುಗಿದು ಕೂತಿದಾನೆ. ಕೈಲಾಸ."

"ಅಯ್ಯೋ, ಪುಸ್ತಕ ಇದ್ದಂಗೆ ಇದೆಯಲ್ಲಣ್ಣ!" ಸುಭದ್ರಮ್ಮ ಕೋಲು ಬಿಟ್ಟು ಮುಂದಿನ ಕಲ್ಲಿಗೆ ಹೋದಳು. ಕೋಲು ಅಲ್ಲೇ ಬಿದ್ದಿತ್ತು. ಅದು ನೆನಪಾದದ್ದು ಮನೆಗೆ ಬಂದ ಮೇಲೆ. ಮರುದಿನ ಓಂಕಾರಪ್ಪ ಎತ್ತಿಟ್ಟಿದ್ದನ್ನು ಕೊಡಲು ಬಂದರೆ ಅವಳು ತೆಗೆದುಕೊಳ್ಳಲೇ ಇಲ್ಲ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಐವತ್ತರ ಹತ್ತಿರ ಹೀಗೆ ಮತ್ತೆ ಓದು ಶುರುವಾಯಿತು. ಓದಿದ್ದನ್ನು ಇನ್ನೊಬ್ಬರಿಗೆ ಹೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮೊದಲು ಸಿಕ್ಕವಳು ಕಾಳಮ್ಮ. ಹೂವಿನ ಬುಟ್ಟಿ ಗುಡಿಯ ಪೂಜಾರಿಯ ವಶಕ್ಕೆ ಕೊಟ್ಟು ಹೊರಟಳು. ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನ ಯಶೋಧರಾ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು. ಒಬ್ಬರಿಂದ ಒಬ್ಬರು ಸೇರಿ ತೊಂಬತ್ತೆಂಟರ ಹೊತ್ತಿಗೆ ಒಂಬತ್ತು ಜನ ಹೆಂಗಸರಾದರು. ಬೆಳಗ್ಗೆ ಆರಕ್ಕೆ ಗುಡಿ, ಅಲ್ಲಿಂದ ಅರಮನೆ, ಅಲ್ಲಿಂದ ಹೊಳೆಯ ಮೆಟ್ಟಿಲು, ಮಂಟಪ ಕಾಣುವ ಜಾಗದಲ್ಲಿ ಎರಡು ನಿಮಿಷ, ಆಮೇಲೆ ಹಳೇ ಸೇತುವೆಯ ಕಮಾನುಗಳನ್ನು ಎಣಿಸುತ್ತಾ ಆಚೆ ದಡ, ಅಲ್ಲಿನ ಹೊಂಗೆ ಮರಗಳ ನೆರಳಲ್ಲಿ ಕೂತು ವಾಪಸ್ಸು. ಯಾರಾದರೂ ಬೀಸಾಗಿ ಹೆಜ್ಜೆ ಹಾಕಿದರೆ ಸುಭದ್ರಮ್ಮ ಹಿಂದಿನಿಂದ, "ಓಡೋರು ಗ್ರೌಂಡಿಗೆ ಹೋಗ್ರಮ್ಮ. ಇಲ್ಲಿ ನೋಡ್ಕೊಂಡು ನಡಿಯೋದು," ಅನ್ನುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಕಥೆಯಾಗುತ್ತಿರಲಿಲ್ಲ. ಅದು ಕಥೆಯಾದದ್ದು ಬೀಗಿತ್ತಿ ಬಂಗಾರಮ್ಮನಿಂದ.

ಸುಭದ್ರಮ್ಮನ ಮಗಳು ಸೌಂದರ್ಯಳನ್ನು ಕೊಟ್ಟದ್ದು ಭದ್ರಾವತಿಗೆ. ಅಳಿಯ ಶಿವಯೋಗಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ, ಕಾಗದನಗರದಲ್ಲಿ ಕ್ವಾರ್ಟರ್ಸ್. ಬಂಗಾರಮ್ಮ ಅವನ ತಾಯಿ. ಎತ್ತರದ ಆಳು, ಕಂಚಿನ ಗಂಟಲು. ಕಾರ್ಖಾನೆಯ ಸೈರನ್ನಿನ ಮೇಲೆ ಅಡುಗೆ ಇಳಿಸಿ, ಸೈರನ್ನಿನ ಮೇಲೆ ಮಕ್ಕಳನ್ನು ಎಬ್ಬಿಸಿ ಸಂಸಾರ ಮಾಡಿದವಳು. ತೊಂಬತ್ತೊಂಬತ್ತರ ಡಿಸೆಂಬರಿನಲ್ಲಿ ಸೌಂದರ್ಯಳ ಮಗುವಿನ ನಾಮಕರಣ ಅಲ್ಲೇ ನಡೆಯಿತು. ಅಕ್ಷಯಾ ಅಂತ ಹೆಸರಿಟ್ಟರು. ಊಟವಾಗಿ ಎಲೆಯಡಿಕೆ ಮೆಲ್ಲುತ್ತಾ ಕೂತಾಗ ಸುಭದ್ರಮ್ಮ ಎಂದಿನಂತೆ ತನ್ನ ಹೊಳೆಯ ಪುರಾಣ ತೆಗೆದಳು. ಮಂಟಪ ಆಯಿತು, ಸೇತುವೆ ಆಯಿತು, ವೀರಗಲ್ಲು ಆಯಿತು.

"ಸುಮ್ನೆ ಹೇಳ್ತಾರಾ, ಗಂಗಾ ಸ್ನಾನ ತುಂಗಾ ಪಾನ ಅಂತ?" ಅಂದಳು ಕೊನೆಗೆ.

ಬಂಗಾರಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು. "ನಿಮ್ಮ ತುಂಗೆ ಕುಡಿಯೋಕೆ ಬೀಗಿತ್ತಿ, ನಮ್ಮ ಭದ್ರೆ ದುಡಿಯೋಕೆ. ಕಬ್ಬಿಣ ಮಾಡಿದ್ಲು, ಕಾಗದ ಮಾಡಿದ್ಲು. ಹಳೇ ಊರಿನ ನರಸಿಂಹಸ್ವಾಮಿ ಗುಡಿ ನೋಡಿದೀರಾ? ನಿಮ್ಮ ಅರಮನೆಗಿಂತ ನಾನೂರು ವರ್ಷ ಹಿಂದಿನದು. ಅದರ ಗೋಡೆ ಮೇಲೆ ಇರೋ ಬೊಂಬೆ ಎಣಿಸೋಕೇ ನಿಮಗೆ ಒಂದು ವಾರ ಬೇಕು."

"ಇರ್ಬಹುದು. ಆದ್ರೆ ನೀವು ಅಲ್ಲಿಗೆ ನಡ್ಕೊಂಡು ಹೋಗಿದೀರಾ?"

ಸೌಂದರ್ಯ ತೊಟ್ಟಿಲ ಹತ್ತಿರದಿಂದ "ಅಮ್ಮಾ" ಅಂತ ಕಣ್ಣು ಬಿಟ್ಟಳು.

"ನಡೀತೀನಿ," ಅಂದಳು ಬಂಗಾರಮ್ಮ. "ಗುಡಿ ತನಕ ಯಾಕೆ? ಗುಡಿಯಿಂದ ಕೂಡ್ಲಿ ತನಕ ನಡೀತೀನಿ. ನಿಮ್ಮ ಹೊಳೇನೂ ನಮ್ಮ ಹೊಳೇನೂ ಸೇರೋದು ಅಲ್ಲೇ ತಾನೆ? ನೀವು ನಿಮ್ಮ ದಂಡೆ ಮೇಲೆ ಬನ್ನಿ, ನಾನು ನಮ್ಮ ದಂಡೆ ಮೇಲೆ ಬರ್ತೀನಿ. ಯಾರು ಮೊದ್ಲು ಮುಟ್ತಾರೋ ನೋಡೋಣ."

ಸುಭದ್ರಮ್ಮ ಕೂತಲ್ಲೇ ಮುಂದಕ್ಕೆ ಸರಿದಳು. "ಆಯ್ತು," ಅಂದಳು.

ಶಿವಯೋಗಿ ಕ್ಯಾಲೆಂಡರ್ ಕಿತ್ತು ತಂದ. ಇಬ್ಬರಿಗೂ ಒಟ್ಟಿಗೆ ಅಷ್ಟು ದೂರ ಆಗದು. ಆದ್ದರಿಂದ ಪ್ರತಿ ಭಾನುವಾರ ಒಂದು ತುಂಡು. ನಿಲ್ಲಿಸಿದ ಕಡೆಯಿಂದ ಬಸ್ಸಿನಲ್ಲಿ ಮನೆಗೆ ಬರುವುದು, ಮುಂದಿನ ಭಾನುವಾರ ಅಲ್ಲಿಗೇ ಹೋಗಿ ಇಳಿದು ಮುಂದಕ್ಕೆ ನಡೆಯುವುದು. ಓಡಬಾರದು. ನಡೆಯಬೇಕಾದ ಕಡೆ ಗಾಡಿ ಹತ್ತಬಾರದು. ಹೊಳೆ ಕಣ್ಣಿಂದ ಮರೆಯಾಗಬಾರದು. ಭದ್ರೆಯ ದಾರಿ ಸ್ವಲ್ಪ ಉದ್ದ, ಅದಕ್ಕೆ ಬಂಗಾರಮ್ಮನ ಕಡೆಗೆ ಒಂದು ಭಾನುವಾರ ಹೆಚ್ಚು. ತೀರ್ಪು ಹೇಳಲು ಹಾಲಸ್ವಾಮಿ ಪಂಚ. "ನಾನ್ ಯಾಕೆ?" ಅಂದ. "ನೀವು ನಡೆಯಲ್ವಲ್ಲ, ಅದಕ್ಕೆ," ಅಂದಳು ಹೆಂಡತಿ.

೨೦೦೦ದ ಜನವರಿ ಎರಡನೇ ಭಾನುವಾರ ಕೋಟೆಯ ಒಂಬತ್ತು ಜನ ಹೆಂಗಸರು ಗುಡಿಗೆ ಕೈಮುಗಿದು ಹೊರಟರು. ಸೇತುವೆ ದಾಟಿ, ದಿನಾ ಹಿಂದಿರುಗುವ ಹೊಂಗೆ ಮರದ ಹತ್ತಿರ ಬಂದಾಗ ಎಲ್ಲರೂ ಒಂದು ಗಳಿಗೆ ನಿಂತರು. ಅದರಾಚೆ ಯಾರೂ ಹೋಗಿರಲಿಲ್ಲ.

"ಹೋಗೋಣ ಅಲ್ವಾ?" ಯಶೋಧರಾ ಕೇಳಿದಳು.

"ಹೋಗದೆ? ಬಂಗಾರಮ್ಮ ಹೋದ ವಾರನೇ ಹೊರಟಾಗಿದೆ ಮಾರಾಯ್ತಿ!" ಅಂದಳು ಸುಭದ್ರಮ್ಮ.

ಹೊಂಗೆಯಾಚೆ ದಂಡೆಯ ಕಾಲುದಾರಿ ದನಗಳದ್ದು, ಬಟ್ಟೆ ಒಗೆಯುವವರದ್ದು, ಮೀನು ಹಿಡಿಯುವವರದ್ದು. ಊರಿನ ಸದ್ದು ಹಿಂದೆ ಉಳಿಯಿತು. ಹೊಳೆಮತ್ತಿ ಮರಗಳು ನೀರಿನ ಮೇಲೆ ಬಾಗಿದ್ದವು, ತೊಗಟೆ ಬೆಳ್ಳಗೆ ಹೊಳೆಯುತ್ತಿತ್ತು. ಮಿಂಚುಳ್ಳಿಯೊಂದು ಒಂದು ಕೊಂಬೆಯಿಂದ ಇನ್ನೊಂದಕ್ಕೆ, ಇವರಿಗೆ ದಾರಿ ತೋರಿಸುವುದು ತನ್ನ ನೌಕರಿ ಎಂಬಂತೆ ಹಾರುತ್ತಾ ಸಾಗಿತು. ಕಾಳಮ್ಮ ಹೂವಿನವಳಾದ್ದರಿಂದ ಗಿಡಗಳ ಹೆಸರು ಅವಳ ಪಾಲು. ಹಳೇ ಕಟ್ಟೆ, ಕಲ್ಲು, ಗುಡಿ ಸುಭದ್ರಮ್ಮನ ಪಾಲು. ಯಶೋಧರಾಳದ್ದು ಬಸ್ಸಿನ ವೇಳೆ.

ಆವತ್ತು ಸಂಜೆ ಮನೆಯ ಫೋನ್ ಬಡಿದುಕೊಂಡಿತು. ಅತ್ತ ಕಡೆ ಎಸ್‌ಟಿಡಿ ಬೂತಿನಿಂದ ಬಂಗಾರಮ್ಮ. ಅವಳ ಗಂಟಲಿಗೆ ಫೋನೇ ಬೇಕಿರಲಿಲ್ಲ.

"ಬೀಗಿತ್ತೀ, ನೀರುನಾಯಿ! ನೀರುನಾಯಿ ನೋಡಿದ್ವಿ! ಐದಿತ್ತು! ಬಂಡೆ ಮೇಲೆ ಮಕ್ಕಳ ಹಂಗೆ ಉರುಳಾಡ್ತಿದ್ವು. ಮೂವತ್ತು ವರ್ಷ ಈ ಊರಲ್ಲಿದೀನಿ, ಒಂದು ದಿನ ನೋಡಿರ್ಲಿಲ್ಲ!"

ಸುಭದ್ರಮ್ಮನಿಗೆ ಹೊಟ್ಟೆ ಉರಿಯಿತು, ಖುಷಿಯೂ ಆಯಿತು. ಯಾವುದು ಹೆಚ್ಚು ಎಂದು ತಿಳಿಯಲಿಲ್ಲ. "ನಮ್ಮ ಕಡೆನೂ ಇದಾವೆ," ಅಂತ ಹೇಳಿ ಫೋನ್ ಇಟ್ಟಳು. ಮುಂದಿನ ಭಾನುವಾರವೆಲ್ಲ ಒಂಬತ್ತು ಜನರೂ ಬಂಡೆಗಳನ್ನೇ ದಿಟ್ಟಿಸುತ್ತಾ ನಡೆದರು. ಆಮೆ ಒಂದು ಕಂಡಿತು. ಅದನ್ನೇ ಫೋನಿನಲ್ಲಿ ದೊಡ್ಡದು ಮಾಡಿ ಹೇಳಿದಳು.

ಮೂರನೇ ಭಾನುವಾರ ದಾರಿ ನಿಂತಿತು. ಒಂದು ತರಕಾರಿ ಹೊಲದ ಮುಳ್ಳುಬೇಲಿ ದಿಬ್ಬದಿಂದ ಇಳಿದು ನೀರಿನ ತನಕ ಬಂದಿತ್ತು. ಒಳಗೆ ಬದನೆಗೆ ನೀರು ಬಿಡುತ್ತಿದ್ದ ಯಜಮಾನ ತಲೆ ಎತ್ತಿದ. ಹೆಸರು ಚೌಡಪ್ಪ ಅಂತ ಆಮೇಲೆ ತಿಳಿಯಿತು.

"ಇಲ್ಲಿ ದಾರಿ ಇಲ್ಲ. ಮೇಲೆ ರೋಡಿದೆ, ಹೋಗಿ."

"ರೋಡಲ್ಲಿ ಹೋದ್ರೆ ಹೊಳೆ ಕಾಣಲ್ಲಪ್ಪ," ಸುಭದ್ರಮ್ಮ ಅಂದಳು.

"ಹೊಳೆ ಕಂಡು ಏನ್ ಮಾಡ್ಬೇಕು? ಇವತ್ತು ನಿಮ್ಗೆ ತೆಗೆದ್ರೆ ನಾಳೆ ದನ ನುಗ್ಗುತ್ತೆ. ಹೋದ ವರ್ಷ ಇಡೀ ಹೊಲ ಮೇಯ್ದು ಹೋಗಿದಾವೆ."

ಕಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಜಗಳಕ್ಕೆ ಅವಳು ಯಾವತ್ತೂ ತಯಾರು. ಸುಭದ್ರಮ್ಮ ಅವಳ ಕೈ ಹಿಡಿದು ತಡೆದಳು. ಮಂಡಿ ನೋಯುತ್ತಿತ್ತು, ಕೂರಬೇಕಿತ್ತು. "ಕುಡಿಯೋಕೆ ಒಂದಿಷ್ಟು ನೀರು ಕೊಡ್ತೀಯೇನಪ್ಪ?" ಎಂದಳು. ನೀರು ಕೇಳಿದವರಿಗೆ ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಬೇಲಿಯ ಮುಳ್ಳು ಸರಿಸಿ ಪಂಪ್‌ಹೌಸಿನ ಬಳಿ ಕರೆದ. ಸುಭದ್ರಮ್ಮ ಅದರ ಬಾಗಿಲ ಮೆಟ್ಟಿಲ ಮೇಲೆ ಕೂರಲು ಹೋದವಳು ಹಾಗೇ ನಿಂತುಬಿಟ್ಟಳು.

"ಈ ಮೆಟ್ಟಿಲಿಗೆ ಹಾಕಿರೋದು ಯಾವ ಕಲ್ಲು?"

"ಯಾವ್ದೋ ಕಲ್ಲು. ನಮ್ಮಜ್ಜನ ಕಾಲದಿಂದ ಇಲ್ಲೇ ಬಿದ್ದಿದೆ. ಕುಡುಗೋಲು ಮಸೆಯೋಕೆ ಚೆನ್ನಾಗಿದೆ."

ಅವಳು ತನಗೆ ಕೊಟ್ಟ ತಂಬಿಗೆಯ ನೀರನ್ನು ಕುಡಿಯದೆ ಪೂರ್ತಿ ಕಲ್ಲಿನ ಮೇಲೆ ಸುರಿದಳು. ಚೌಡಪ್ಪ "ಏಯ್" ಅನ್ನುವಷ್ಟರಲ್ಲಿ ಗೆರೆಗಳು ಎದ್ದವು. ಒಂದು ತುದಿ ಮಸೆದು ಮಸೆದು ನುಣುಪಾಗಿತ್ತು, ಉಳಿದದ್ದು ನಿಚ್ಚಳ.

"ಅಯ್ಯಯ್ಯೋ, ಬನ್ರೇ ಇಲ್ಲಿ! ಓಂಕಾರಪ್ಪ ಹೇಳಿದ್ದೇ ಇದು!" ಸುಭದ್ರಮ್ಮ ನೋಯುವ ಮಂಡಿಯನ್ನೇ ಊರಿ ಕೂತಳು. "ನೋಡಪ್ಪ, ಕೆಳಗಿಂದ ಓದ್ಬೇಕು. ಇವು ಏನು ಹೇಳು?"

ಚೌಡಪ್ಪ ಬಗ್ಗಿದ. "ದನ," ಅಂದ ಮೆಲ್ಲಗೆ. "ದನದ ಕೊಂಬು."

"ಹೂಂ. ಊರಿನ ದನ ಹೊಡ್ಕೊಂಡು ಹೋಗೋಕೆ ಬಂದೋರ ಜೊತೆ ಇವ್ನು ಹೊಡೆದಾಡ್ತಿದಾನೆ. ಕತ್ತಿ ನೋಡು. ಇಲ್ಲಿ ಸತ್ತ. ಇಲ್ಲಿ ಕರ್ಕೊಂಡು ಹೋಗ್ತಿದಾರೆ. ಮೇಲೆ, ಲಿಂಗದ ಮುಂದೆ ಕೂತಿರೋನೂ ಇವ್ನೇ. ಇದೇ ಹೊಳೆ ದಂಡೇಲಿ, ನಿನ್ನ ಹೊಲ ಇರೋ ಜಾಗದಲ್ಲೇ ಸತ್ತಿರ್ಬೇಕು. ಅದಕ್ಕೇ ಇಲ್ಲಿ ನಿಲ್ಸಿದ್ರು."

ಚೌಡಪ್ಪ ಮೆಟ್ಟಿಲಿನಿಂದ ಕಾಲು ಹಿಂದಕ್ಕೆ ತೆಗೆದುಕೊಂಡ. ತುಂಬ ಹೊತ್ತು ನೋಡಿದ. "ಮೂವತ್ತು ವರ್ಷದಿಂದ ತುಳೀತಿದೀನಲ್ಲ ಇವನ್ನ," ಅಂದ. ಆಮೇಲೆ ತನ್ನಷ್ಟಕ್ಕೆ, "ಇನ್ಮೇಲೆ ಕುಡುಗೋಲು ಎಲ್ಲಿ ಮಸೀಲಿ?" ಅಂದ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು, ಅವನೂ ನಕ್ಕ. ಬೇಲಿಯ ಆಚೆ ಬದಿಯನ್ನು ಅವನೇ ಬಿಚ್ಚಿದ. ಬರೀ ಬಿಚ್ಚಲಿಲ್ಲ, ಮುಂದಿನ ಎರಡು ಹೊಲದವರಿಗೂ ಕೂಗಿ ಹೇಳುತ್ತಾ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಸ್ಸು ನಿಲ್ಲುವ ಕಡೆಯ ತನಕ ಜೊತೆಗೆ ಬಂದ. ಅವತ್ತು ಬಸ್ಸಿನಲ್ಲಿ ಸುಭದ್ರಮ್ಮನ ಬಾಯಿ ಮುಚ್ಚಲಿಲ್ಲ. ಅರಮನೆಯ ಅಂಗಳದಲ್ಲಿ ನಿಂತ ಕಲ್ಲನ್ನು ಓದುವುದು ಬೇರೆ. ಯಾರಿಗೂ ಗೊತ್ತಿಲ್ಲದ ಒಂದನ್ನು ತಾನೇ ಕಂಡು, ತಾನೇ ಓದಿ, ಅದರ ಒಡೆಯನಿಗೇ ಹೇಳುವುದು ಬೇರೆ. ಮನೆಗೆ ಬಂದವಳೇ ಅಂಗಡಿಗೆ ಫೋನ್ ಮಾಡಿದಳು. ಹಾಲಸ್ವಾಮಿ ಗಿರಾಕಿಯನ್ನು ಕಾಯಿಸಿ ಪೂರ್ತಿ ಕೇಳಿಸಿಕೊಂಡ.

ನಾಲ್ಕನೇ ಭಾನುವಾರ ಸುಸೂತ್ರ. ಐದನೆಯದು ಫೆಬ್ರವರಿ ಆರು.

ಆವತ್ತು ಬೆಳಗಿನ ಮಂಜು ಇನ್ನೂ ನೀರಿನ ಮೇಲಿತ್ತು. ಒಂಬತ್ತು ಜನ ಹದಿನಾಲ್ಕಾಗಿದ್ದರು. ಚೌಡಪ್ಪ ಒಂದು ಕೊಡ ಮಜ್ಜಿಗೆಯೊಂದಿಗೆ, ರಜೆ ಹಾಕಿದ ಓಂಕಾರಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಯಾರೂ ಓಡಲಿಲ್ಲ, ಆದರೆ ಯಾರ ಹೆಜ್ಜೆಯೂ ಎಂದಿನಷ್ಟು ನಿಧಾನವಿರಲಿಲ್ಲ. ಸುಭದ್ರಮ್ಮ ತಾನೇ ಎಲ್ಲರಿಗಿಂತ ಮುಂದಿದ್ದಳು.

"ಓಡೋರು ಗ್ರೌಂಡಿಗೆ ಹೋಗ್ರಮ್ಮ," ಹಿಂದಿನಿಂದ ಕಾಳಮ್ಮ ಕೂಗಿದಳು.

"ಸುಮ್ನಿರೇ!"

ಹತ್ತೂವರೆಗೆ ಮರಗಳ ನಡುವೆ ಕೂಡ್ಲಿಯ ರಾಮೇಶ್ವರ ಗುಡಿಯ ಶಿಖರ ಕಂಡಿತು. ಆಮೇಲೆ ಮರಳು. ಆಮೇಲೆ ಎರಡೂ ಹೊಳೆ ಸೇರುವ ಮೂಲೆ, ನಂದಿಯ ಪುಟ್ಟ ಗುಡಿ, ಅದರ ಪಕ್ಕ ಟಿವಿಎಸ್ ನಿಲ್ಲಿಸಿ ಗಡಿಯಾರ ನೋಡುತ್ತಿದ್ದ ಹಾಲಸ್ವಾಮಿ. ಸೌಂದರ್ಯ ಮಗು ಎತ್ತಿಕೊಂಡು ನಿಂತಿದ್ದಳು. ಶಿವಯೋಗಿಯ ಕೈಯಲ್ಲಿ ಬುತ್ತಿ. ಬಂಗಾರಮ್ಮ ಎಲ್ಲೂ ಇಲ್ಲ.

"ನಾವೇ ಮೊದ್ಲು!" ಯಶೋಧರಾ ಕುಣಿದಳು. ಎಲ್ಲರೂ ಕುಣಿದರು. ಸುಭದ್ರಮ್ಮ ಹೋಗಿ ನಂದಿಯ ಬೆನ್ನು ಮುಟ್ಟಿದಳು. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ಬಲಗಡೆ ಭದ್ರೆ, ಎಡಗಡೆ ತಾನು ಐದು ವಾರ ಜೊತೆಗೆ ನಡೆದು ಬಂದ ತುಂಗೆ. ಮುಂದೆ ಎರಡೂ ಒಂದೇ.

ಆಗ ಕೇಳಿಸಿತು ಆ ಕಂಚಿನ ಗಂಟಲು.

"ಬೀಗಿತ್ತೀ! ಓ ಬೀಗಿತ್ತೀ!"

ದನಿ ಬಂದದ್ದು ಭದ್ರೆಯ ಆಚೆ ದಡದಿಂದ. ಅಲ್ಲಿ ಹೊಂಗೆ ಪೊದೆಯ ಪಕ್ಕ ಹತ್ತು ಹನ್ನೆರಡು ಹೆಂಗಸರು. ನಡುವೆ, ಕೈ ಎತ್ತಿಕೊಂಡು ಬಂಗಾರಮ್ಮ. ನರಸಿಂಹಸ್ವಾಮಿ ಗುಡಿ ಇದ್ದ ದಡವನ್ನೇ ಹಿಡಿದು ಆರು ಭಾನುವಾರ ನಡೆದಿದ್ದಾರೆ. ಗುಡಿಯ ದಡ ಬಿಡಬಾರದು ಅಂತ ಹಟ. ಹೊಳೆಹೊನ್ನೂರಿನಲ್ಲಿ ಸೇತುವೆ ಸಿಕ್ಕಿದರೂ ದಾಟಿಲ್ಲ. ಕೂಡ್ಲಿ ಇರುವುದು ಈಚೆ ದಡದಲ್ಲಿ ಅಂತ ಯಾರೂ ಯೋಚಿಸಿಲ್ಲ.

"ಎಷ್ಟೊತ್ತಾಯ್ತು ಬಂದು?" ಸುಭದ್ರಮ್ಮ ಬಾಯಿಗೆ ಕೈ ಒಡ್ಡಿ ಕೂಗಿದಳು.

"ಹತ್ತು ಗಂಟೆಗೇ ಬಂದ್ವಿ! ಪೊದೆ ನೆರಳಲ್ಲಿ ಕೂತಿದ್ವಿ! ನಿಮ್ಮ ಯಜಮಾನ್ರನ್ನ ಕೇಳಿ!"

ಹಾಲಸ್ವಾಮಿ ತಲೆ ಕೆರೆದುಕೊಂಡ. "ಬಂದಿದ್ದು ಹೌದು. ನಿಮ್ಮ ಕುಣಿತದಲ್ಲಿ ಹೇಳೋಕೆಲ್ಲಿ ಬಿಟ್ರಿ? ಆದ್ರೆ ಕೂಡ್ಲಿಗೆ ಬಂದಂಗಾಗಲ್ವಲ್ಲ. ಅದು ಆಚೆ ದಡ."

"ಹೊಳೆ ಸೇರೋ ಜಾಗ ಅಂತ ಮಾತು! ನಾವು ಸೇರೋ ಜಾಗದ ಮುಂದೇ ನಿಂತಿದೀವಿ!"

ಎರಡೂ ದಡದಿಂದ ಇಪ್ಪತ್ತೈದು ಬಾಯಿ ಒಟ್ಟಿಗೆ ಶುರುವಾಯಿತು. ಮರದ ಮೇಲೆ ಕೂತಿದ್ದ ಕೊಕ್ಕರೆಗಳೆಲ್ಲ ಎದ್ದವು. ಮರಳಿನ ಮೇಲೆ ಬಲೆ ಒಣಗಿಸುತ್ತಿದ್ದ ಬೆಸ್ತರ ಧರ್ಮಪ್ಪ ಬಂದು, ತನ್ನ ತೆಪ್ಪದಲ್ಲಿ ಆಚೆಯವರನ್ನು ಕರೆತರುತ್ತೇನೆ ಎಂದ. ಈಗ ತೆಪ್ಪ ಗಾಡಿಯೋ ಅಲ್ಲವೋ ಎಂದು ಹೊಸ ಜಗಳ. ಅದಕ್ಕೆ ಗಾಲಿ ಇಲ್ಲ, ಆದ್ದರಿಂದ ಗಾಡಿಯಲ್ಲ ಅಂದ ಶಿವಯೋಗಿ. ಕೂತು ಹೋಗುವುದೆಲ್ಲ ಗಾಡಿಯೇ ಅಂದಳು ಕಾಳಮ್ಮ. ಆಚೆಯಿಂದ ಬಂಗಾರಮ್ಮನೇ ತೀರ್ಮಾನ ಕೊಟ್ಟಳು:

"ತೆಪ್ಪ ಬೇಡ! ನಾನು ನಡ್ಕೊಂಡು ಬರ್ತೀನಿ ಅಂದಿದೀನಿ. ಹೊಳೆಹೊನ್ನೂರಿಗೆ ವಾಪಸ್ ಹೋಗಿ ಸೇತುವೆ ದಾಟಿ ಬರ್ತೀನಿ. ಊಟ ಇಟ್ಕೊಂಡಿರಿ!"

ಹೇಳಿ ತಿರುಗಿದಳು. ಅವಳು ಎಡಗಾಲನ್ನು ಎಳೆದು ಹಾಕುತ್ತಿದ್ದುದು ಇಷ್ಟು ದೂರಕ್ಕೂ ಸುಭದ್ರಮ್ಮನಿಗೆ ಕಂಡಿತು. ಹಾಗೆ ಎಳೆದು ಹಾಕುವುದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೆದ್ದಾಗಿತ್ತು. ಬುತ್ತಿ ಬಿಚ್ಚಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಬಂಗಾರಮ್ಮ ಇಲ್ಲದೆ ಗೆದ್ದು ಕೂರುವುದರಲ್ಲಿ ಏನಿದೆ? ನೀರುನಾಯಿಯ ಕಥೆ ಹೇಳುವವರು ಯಾರು, ಚೌಡಪ್ಪನ ಕಲ್ಲನ್ನು ಕೇಳುವವರು ಯಾರು?

"ಧರ್ಮಪ್ಪಾ, ಇಲ್ಲಿ ನೀರೆಷ್ಟು ಆಳ?"

"ಈಗ ಮೇಲಿನ ಡ್ಯಾಮಿಂದ ನೀರು ಬಿಟ್ಟಿಲ್ಲಮ್ಮ. ನಾ ತೋರ್ಸೋ ಕಡೆ ಬಂದ್ರೆ ಮಂಡಿ ಮೇಲೆ ಗೇಣು. ಮರಳು ಗಟ್ಟಿ ಇದೆ."

"ನಿನ್ನ ತೆಪ್ಪದ ಗಳ ಕೊಡು."

"ಸುಭದ್ರಾ!" ಹಾಲಸ್ವಾಮಿ ಎದ್ದು ನಿಂತ. ಅವಳು ಆಗಲೇ ಸೀರೆ ಎತ್ತಿ ಕಟ್ಟಿ, ನೀರಿಗೆ ಕಾಲಿಟ್ಟಾಗಿತ್ತು. ಭದ್ರೆ ತಣ್ಣಗಿದ್ದಳು. ಕಾಲ್ಬೆರಳ ಕೆಳಗೆ ಮರಳು ಸರಿಯುವುದು ಕಚಗುಳಿ ಇಟ್ಟ ಹಾಗೆ. ಧರ್ಮಪ್ಪ ಮುಂದೆ, ಅವಳು ಅವನ ಗಳ ಊರಿಕೊಂಡು ಹಿಂದೆ.

"ಬೀಗಿತ್ತೀ, ನಿಂತ್ಕೊಳ್ಳಿ! ನಾನೇ ಬರ್ತಿದೀನಿ!"

ಬಂಗಾರಮ್ಮ ತಿರುಗಿ ನೋಡಿದಳು. ಆಮೇಲೆ, "ಅಲ್ಲೇ ನಿಲ್ಲಿ! ಪೂರ್ತಿ ನೀವೇ ಬಂದ್ರೆ ನನ್ನ ಮಾನ ಏನಾಗ್ಬೇಕು?" ಎಂದು ಕೂಗಿ, ಚಪ್ಪಲಿ ಕಳಚಿ ತಾನೂ ಇಳಿದಳು. ಅವಳ ಹಿಂದೆ ಅವಳ ಕಡೆಯವರೂ ಒಬ್ಬೊಬ್ಬರಾಗಿ, ಒಬ್ಬರ ಸೆರಗು ಒಬ್ಬರು ಹಿಡಿದು. ಧರ್ಮಪ್ಪ ಎರಡೂ ಕಡೆಗೆ "ಎಡಕ್ಕೆ, ಎಡಕ್ಕೆ" ಅಂತ ಕೂಗಿ ಸುಸ್ತಾದ. ಮಂಡಿಯ ಮೇಲೆ ಗೇಣು ನೀರಿನಲ್ಲಿ, ಹೊಳೆಯ ನಟ್ಟನಡುವೆ, ಇಬ್ಬರು ಬೀಗಿತ್ತಿಯರು ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಿಂತರು. ಇಬ್ಬರಿಗೂ ಮೇಲುಸಿರು.

"ಕಾಲಿಗೇನಾಯ್ತು?" ಸುಭದ್ರಮ್ಮ ಕೇಳಿದಳು.

"ಹಿಮ್ಮಡಿ. ಮೂರನೇ ವಾರದಿಂದ. ನಿಮ್ಗೆ ಹೇಳಿದ್ರೆ ನಡೀಬೇಡಿ ಅಂತಿದ್ರಿ."

"ಅನ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಇಬ್ಬರೂ ನಕ್ಕ ಸದ್ದು ದಡದಲ್ಲಿದ್ದವರಿಗೆ ಕೇಳಿತು. ಪಂಚನಾಗಿ ಹಾಲಸ್ವಾಮಿ ಏನು ಹೇಳಿದನೋ ಯಾರೂ ಕೇಳಿಸಿಕೊಳ್ಳಲಿಲ್ಲ. ಈಚೆ ದಡಕ್ಕೆ ಬಂದು, ಒದ್ದೆ ನೆರಿಗೆಗಳನ್ನು ಮರಳಿನ ಮೇಲೆ ಹರವಿಕೊಂಡು ಎಲ್ಲರೂ ಕೂತರು. ರೊಟ್ಟಿ, ಎಣ್ಣೆಗಾಯಿ, ಬುತ್ತಿ, ಮಜ್ಜಿಗೆ ಎಲ್ಲ ಒಂದೇ ಪಂಕ್ತಿಯಲ್ಲಿ ಖಾಲಿಯಾಯಿತು. ಊಟವಾದ ಮೇಲೆ ಓಂಕಾರಪ್ಪ ಎಲ್ಲರನ್ನೂ ರಾಮೇಶ್ವರ ಗುಡಿಗೆ ಕರೆದುಕೊಂಡು ಹೋಗಿ ಕಂಬ ಕಂಬವನ್ನೂ ತೋರಿಸಿದ. ಬಂಗಾರಮ್ಮ ನಡುನಡುವೆ "ನಮ್ಮ ನರಸಿಂಹಸ್ವಾಮಿ ಗುಡೀಲಿ ಇದಕ್ಕಿಂತ..." ಅಂತ ಬಾಯಿ ಹಾಕದೆ ಬಿಡಲಿಲ್ಲ.

ಮರುದಿನ ಸುಭದ್ರಮ್ಮನ ಮಂಡಿ ಬದನೆಕಾಯಿಯಂತೆ ಊದಿತು. ಡಾಕ್ಟರು ಬೈದರು, ಎಕ್ಸ್‌ರೇ ನೋಡಿದರು, ಇನ್ನೂ ಸ್ವಲ್ಪ ಬೈದರು. ಆಮೇಲೆ, "ಕೂಡ್ಲಿ ತನಕವಾ? ನಿಜವಾಗ್ಲೂ?" ಎಂದು ಕೇಳಿ ದಾರಿಯೆಲ್ಲ ವಿಚಾರಿಸಿದರು. ಒಂದು ತಿಂಗಳು ಅವಳು ಮನೆ ಬಿಟ್ಟು ಹೊರಡಲಿಲ್ಲ. ಆ ತಿಂಗಳಲ್ಲಿ ಕೋಟೆಯ ಉಳಿದ ಹೆಂಗಸರು ದಿನಾ ಬೆಳಗ್ಗೆ ನಡೆದು ಬಂದು, ಅವಳ ಜಗಲಿಯಲ್ಲಿ ಕೂತು ಹೊಳೆಯ ವರದಿ ಒಪ್ಪಿಸಿದರು.

ಅದು ಆ ವರ್ಷಕ್ಕೆ ಮುಗಿಯಲಿಲ್ಲ. ಪ್ರತಿ ಜನವರಿಯಲ್ಲಿ ಎರಡೂ ಊರಿನಿಂದ ಗುಂಪು ಹೊರಟಿತು. ಬಂಗಾರಮ್ಮ ಹೊಳೆಹೊನ್ನೂರಿನಲ್ಲಿ ಸೇತುವೆ ದಾಟುವುದಕ್ಕೆ ಒಪ್ಪಿದಳು, ಸುಲಭವಾಗಿ ಅಲ್ಲ. ಚೌಡಪ್ಪ ಕಲ್ಲನ್ನು ಮೆಟ್ಟಿಲಿನಿಂದ ಕಿತ್ತು ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿದ; ಅಲ್ಲಿ ಹತ್ತು ನಿಮಿಷ ನಿಲ್ಲುವುದು ನಿಯಮವಾಯಿತು. ಸುಭದ್ರಮ್ಮ ಐವತ್ತೆಂಟರ ತನಕ ಒಂದು ವರ್ಷವೂ ತಪ್ಪಿಸಲಿಲ್ಲ.

೨೦೦೫ರಲ್ಲಿ ಕೂಡ್ಲಿಯ ಮೂಲೆಯಲ್ಲಿ ಅರವತ್ತು ಜನ ಊಟಕ್ಕೆ ಕೂತಿದ್ದಾಗ, ದೇವಸ್ಥಾನಕ್ಕೆಂದು ಗಂಡನ ಜೊತೆ ಬಂದಿದ್ದ ಹುಲಿಗೆಮ್ಮ ಎಂಬ ಹೆಂಗಸು ಹತ್ತಿರ ಬಂದು ನಿಂತಳು. ಗದ್ದೆ ಕೆಲಸದ ಕೈ, ಹೊಸ ಸೀರೆ.

"ನೀವು ಯಾವ ಸಂಘದೋರಮ್ಮ?"

ಸುಭದ್ರಮ್ಮ ಬಂಗಾರಮ್ಮನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಹೆಸರಿಡುವುದು ಯಾರಿಗೂ ಹೊಳೆದಿರಲಿಲ್ಲ.

"ಸಂಘ ಗಿಂಘ ಏನಿಲ್ಲಮ್ಮ. ನೋಡ್ಕೊಂಡು ನಡೀತೀವಿ ಅಷ್ಟೆ. ಈಗ ಹಳೇ ಗುಡಿ ಕಡೆ ಒಂದು ಸುತ್ತು ಹೊರಟಿದೀವಿ. ಬರ್ತೀಯಾ?"

ಹುಲಿಗೆಮ್ಮ ಗಂಡನ ಕಡೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಹಣ್ಣುಕಾಯಿ ಬುಟ್ಟಿಯನ್ನು ಅವನಿಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಸುಭದ್ರಮ್ಮನ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದಳು.